ಬೆರಳ ಗೆಣ್ಣಿನ ಮೇಲೆ ಸ್ಕಾಟ್ಲೆಂಡಿನ ರಾಜರು

ಇದನ್ನು ಹೇಳುವುದನ್ನು ನಾನು ಎಂಟು ವರ್ಷ ಮುಂದೂಡಿದ್ದೇನೆ. ಮೊದಲು ಮಗಳ ಮದುವೆ ಮುಗಿಯಲಿ ಎಂದುಕೊಂಡೆ. ಮದುವೆಯಾಯಿತು. ಮೊಮ್ಮಗು ಹುಟ್ಟಲಿ ಎಂದುಕೊಂಡೆ. ಅದೂ ಆಯಿತು. ಆಮೇಲೆ, ಆಸ್ಪತ್ರೆಯಲ್ಲಿ ನನ್ನ ಜೊತೆಗಿದ್ದ ಗುಮಾಸ್ತರಿಗೆ ಹೇಳದೆ ಬೇರೆಯವರಿಗೆ ಹೇಳುವುದು ಸರಿಯಲ್ಲ ಎಂದು ನೆಪ ಹೂಡಿದೆ. ಕಳೆದ ತಿಂಗಳು ಲೀಡ್ಸ್‌ನಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು. ಇನ್ನು ನೆಪ ಉಳಿದಿಲ್ಲ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಬರೆಯಬೇಕಾದರೆ ಅವರ ಮಗನನ್ನು ಕೇಳಬೇಕು. ಕೇಳಿದರೆ ಯಾಕೆ ಬರೆಯುತ್ತಿದ್ದೇನೆಂದು ಹೇಳಬೇಕು. ಆ ಧೈರ್ಯ ನನಗಿನ್ನೂ ಬಂದಿಲ್ಲ.

ನಾನು ಮೆಟ್ರಿಕ್‌ವರೆಗೆ ಓದಿದವನು. ಅರವತ್ತರ ದಶಕದ ಕೊನೆಯಲ್ಲಿ ಬಾಗಲಕೋಟೆ ಕಡೆಯ ಹಳ್ಳಿಯಿಂದ ಇಲ್ಲಿಗೆ, ಇಂಗ್ಲೆಂಡಿಗೆ, ಬಂದು ಕಬ್ಬಿಣ ಎರಕ ಹೊಯ್ಯುವ ಕಾರ್ಖಾನೆಯಲ್ಲಿ ದುಡಿದೆ. ಅದು ಮುಚ್ಚಿದ ಮೇಲೆ ವುಲ್ವರ್‌ಹ್ಯಾಂಪ್ಟನ್ನಿನ ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನೆಲಮಾಳಿಗೆಯ ರೆಕಾರ್ಡ್ ರೂಮಿನಿಂದ ರೋಗಿಗಳ ಫೈಲುಗಳನ್ನು ಗಾಡಿಯಲ್ಲಿಟ್ಟು ವಾರ್ಡುಗಳಿಗೆ ತಳ್ಳಿಕೊಂಡು ಹೋಗುವುದು, ಮತ್ತೆ ವಾಪಸು ತರುವುದು. ಆ ರೂಮಿನಲ್ಲಿ ಫೈಲು ಹುಡುಕಿ ಕೊಡುವ ಗುಮಾಸ್ತರು ಅವರು. ಅವರೂ ನಮ್ಮ ಸೀಮೆಯವರೇ. ಗಿಡ್ಡ ಆಳು. ಕಂದು ಬಣ್ಣದ ಸ್ವೆಟರು, ಅದರ ಮೊಣಕೈಗೆ ಬೇರೆ ಬಣ್ಣದ ತೇಪೆ. ಮಧ್ಯಾಹ್ನಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿ. ರೊಟ್ಟಿ ಮುರಿಯುವ ಸದ್ದಿಗೆ ಇಂಗ್ಲಿಷ್ ಹುಡುಗಿಯರು ತಿರುಗಿ ನೋಡಿದರೆ ಅವರಿಗೂ ಒಂದು ಚೂರು ಕೊಡುತ್ತಿದ್ದರು.

ಫೈಲು ಸಿಕ್ಕಿತು ಎಂದು ಅವರು ಯಾವತ್ತೂ ಹೇಳಿದವರಲ್ಲ. "ಬಂದಾರ ನೋಡ್ರಿ, ಕರಕೊಂಡು ಹೋಗ್ರಿ" ಎನ್ನುತ್ತಿದ್ದರು. ಆ ಆಸ್ಪತ್ರೆಯಲ್ಲಿ ಪಂಜಾಬಿನಿಂದ ಬಂದ, ಒಂದೇ ಹೆಸರಿನ ಸಿಂಗರೂ ಕೌರರೂ ಸಾಲುಗಟ್ಟಿ ಇದ್ದರು. ಎಷ್ಟೋ ಮುದುಕರಿಗೆ ಹುಟ್ಟಿದ ತಾರೀಕು ಗೊತ್ತಿಲ್ಲದೆ, ಎಲ್ಲರಿಗೂ ಜನವರಿ ಒಂದು ಎಂದೇ ಬರೆದಿರುತ್ತಿತ್ತು. ಬೇರೆಯವರು ನಂಬರು ಹಿಡಿದು ತಡಕಾಡುತ್ತಿದ್ದರೆ ಇವರು ಕೌಂಟರಿನ ಮುಂದೆ ನಿಂತ ಹೆಂಗಸನ್ನು ಅರ್ಧಂಬರ್ಧ ಹಿಂದಿಯಲ್ಲಿ ಕೇಳುತ್ತಿದ್ದರು, ನಿಮ್ಮ ಅತ್ತೆ ಯಾವ ಊರಿನವರಮ್ಮಾ ಎಂದು. ಆಕೆ ಹೇಳುವಷ್ಟರಲ್ಲಿ ಇವರು ರ‍್ಯಾಕಿನ ಮುಂದೆ ಇರುತ್ತಿದ್ದರು. ಸತ್ತವರ ಫೈಲನ್ನು ಹಿಂದಿನ ಗೋಡೌನಿಗೆ ಕಳಿಸುವ ಮೊದಲು ಅದರ ಮೇಲಿನ ಹೆಸರನ್ನು ಒಂದು ಸಲ ಬಾಯಿಬಿಟ್ಟು ಓದುತ್ತಿದ್ದರು. "ಯಾಕ್ರಿ ಓದ್ತೀರಿ?" ಅಂದರೆ, "ಕೊನೀಗೊಮ್ಮೆ ಯಾರರ ಕರದರ ಏನ್ ಗಂಟ ಹೋಗತೈತಿ, ಗೌಡ್ರ?" ಎನ್ನುತ್ತಿದ್ದರು.

ನನ್ನನ್ನು ಅವರು ಗೌಡ್ರ ಎಂದೇ ಕರೆಯುತ್ತಿದ್ದರು. ನಮ್ಮದು ಊರ ಗೌಡಕಿಯ ಮನೆತನ ಎಂದು ನಾನು ಇಲ್ಲಿ ಎಲ್ಲರಿಗೂ ಹೇಳಿಕೊಂಡಿದ್ದೆ. ಕಾರ್ಖಾನೆಯಲ್ಲಿ ಕಸಬರಿಗೆ ಹಿಡಿದ ದಿನಗಳಲ್ಲೂ ಅದೊಂದು ಮಾತು ನನ್ನ ಬೆನ್ನು ನೆಟ್ಟಗೆ ಇಟ್ಟಿತ್ತು.

ರೆಕಾರ್ಡ್ ರೂಮಿನ ಸೂಪರ್‌ವೈಸರ್ ಸ್ಕಾಟ್ಲೆಂಡಿನ ಹೆಂಗಸು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತನ್ನ ದೇಶದ ಹಳೆಯ ರಾಜರ ವಂಶಾವಳಿ ಎಂದರೆ ಆಕೆಗೆ ಹುಚ್ಚು. ತೊಂಬತ್ತೆಂಟರ ಚಳಿಗಾಲದಲ್ಲಿ ಒಂದು ದೊಡ್ಡ ಹಾಳೆಯ ಮೇಲೆ ಅದನ್ನು ಬರೆಯತೊಡಗಿದಳು. ಚಹಾದ ಹೊತ್ತಿಗೆ ಮೇಜಿನ ಮೇಲೆ ಹರಡಿ ಕೆಂಪು ಪೆನ್ಸಿಲ್, ನೀಲಿ ಪೆನ್ಸಿಲ್ ಹಿಡಿದು ಗೆರೆ ಎಳೆದು, ತಪ್ಪಿತು ಎಂದು ಅಳಿಸುತ್ತಿದ್ದಳು. ಅಲ್ಲಿನ ಮೊದಮೊದಲ ರಾಜರಲ್ಲಿ ಅಪ್ಪನಾದ ಮೇಲೆ ಮಗ ಎಂಬ ಪದ್ಧತಿ ಇರಲಿಲ್ಲವಂತೆ. ಒಬ್ಬ ಮೂಲ ಪುರುಷನ ಇಬ್ಬರು ಮಕ್ಕಳಿಂದ ಎರಡು ಕವಲು. ಈ ಕವಲಿನವನು ಸತ್ತರೆ ಆ ಕವಲಿನವನಿಗೆ ಪಟ್ಟ, ಅವನು ಸತ್ತರೆ ಮತ್ತೆ ಈ ಕವಲಿಗೆ. ಆಕೆಯ ಗೆರೆಗಳು ಸಿಕ್ಕು ಬೀಳುತ್ತಿದ್ದದ್ದು ಅಲ್ಲೇ.

ಅವರು ರೊಟ್ಟಿ ತಿನ್ನುತ್ತ ನಾಲ್ಕು ದಿನ ಸುಮ್ಮನೆ ಕೇಳಿದರು. ಐದನೆಯ ದಿನ ಕೈ ಒರೆಸಿಕೊಂಡು ಎರಡೂ ಅಂಗೈಗಳನ್ನು ಮುಂದೆ ಚಾಚಿದರು. ಹೆಬ್ಬೆರಳಿಂದ ಒಂದೊಂದೇ ಗೆಣ್ಣು ಮುಟ್ಟುತ್ತ, ಬಲಗೈ ಒಂದು ಕವಲು, ಎಡಗೈ ಒಂದು ಕವಲು, ರಾಗವಾಗಿ ಹೇಳತೊಡಗಿದರು. "ಬಲಕ್ಕ ಡೊನಾಲ್ಡಪ್ಪ, ಎಡಕ್ಕ ಕಾನ್‌ಸ್ಟಂಟೈನಪ್ಪ. ಬಲಕ್ಕ ಡೊನಾಲ್ಡಪ್ಪನ ಮಗ ಮಾಲ್ಕಮಪ್ಪ, ಎಡಕ್ಕ ಕಾನ್‌ಸ್ಟಂಟೈನಪ್ಪನ ಮಗ ಇಂಡಲ್ಫಪ್ಪ..." ಸೂಪರ್‌ವೈಸರ್ ಬೆರಳಿಟ್ಟು ಹಾಳೆಯ ಮೇಲೆ ನೋಡುತ್ತಾ ಹೋದಳು. ಒಂದೂ ತಪ್ಪಿರಲಿಲ್ಲ. ಆಕೆ ಪೆನ್ಸಿಲ್ ಕೆಳಗಿಟ್ಟು, "ಎಲ್ಲಿ ಕಲಿತೆ ಇದನ್ನು?" ಎಂದು ಕೇಳಿದಳು. ಅವರು ನಕ್ಕರು, ಅಷ್ಟೆ.

ಆಮೇಲೆ ಅದು ದಿನದ ಕೆಲಸವಾಯಿತು. ಆಕೆ ಹೇಳುವುದು, ಇವರು ಗೆಣ್ಣಿಗೆ ಏರಿಸುವುದು. ಒಂದು ದಿನ ಆಕೆ ಮೂರನೇ ಅಲೆಕ್ಸಾಂಡರ್ ಎಂಬ ರಾಜನ ಕಥೆ ಹೇಳಿದಳು. ಪಟ್ಟಕ್ಕೆ ಬಂದಾಗ ಅವನಿಗೆ ಎಂಟು ತುಂಬಿರಲಿಲ್ಲ. ಅವನನ್ನು ಕೂರಿಸಿದಾಗ ಬೆಟ್ಟದ ಸೀಮೆಯ ಮುದುಕನೊಬ್ಬ ಬಂದು ಮಂಡಿಯೂರಿ, ಅವನು ಯಾರ ಮಗ, ಯಾರ ಮೊಮ್ಮಗ ಎಂದು ಹಿಂದೆ ಹಿಂದೆ ಹೋಗುತ್ತಾ ಎಲ್ಲ ಪೂರ್ವಿಕರ ಹೆಸರು ಹೇಳಿದನಂತೆ.

ಅವರು ಚಹಾದ ಲೋಟ ಕೆಳಗಿಟ್ಟರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಗೌಡ್ರ, ಅವ ನಮ್ಮಾವ!" ಅಂದರು. ಕಣ್ಣಲ್ಲಿ ನೀರಿತ್ತು.

"ನಿಮ್ಮಾವ ಅಂದ್ರ?"

"ನಾವು ಹೆಳವರ್ರೀ."

ನಮ್ಮ ಕಡೆಯವರಿಗೆ ಹೆಳವರು ಯಾರೆಂದು ಹೇಳಬೇಕಿಲ್ಲ. ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಾರೆ. ತಮಗೆ ಕಾಳುಕಡಿ ಕೊಡುವ ಒಕ್ಕಲಿನ ಮನೆಯ ಮುಂದೆ ನಿಂತು ಆ ಮನೆಯ ಏಳು ತಲೆಯ ಹೆಸರು ಹೇಳುತ್ತಾರೆ. ಆ ವರ್ಷ ಹುಟ್ಟಿದವರ, ಸತ್ತವರ ಹೆಸರು ಸೇರಿಸಿಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಇವರು ಆ ಮನೆಯವರು. ಓದಿಕೊಂಡು ಆ ಕಸುಬು ಬಿಟ್ಟು ಬಂದಿದ್ದರು. ಕಸುಬು ಅವರನ್ನು ಬಿಟ್ಟಿರಲಿಲ್ಲ.

ಅಲೆಕ್ಸಾಂಡರನ ಗಂಡುಮಕ್ಕಳು ಅವನಿಗಿಂತ ಮೊದಲೇ ಸತ್ತರು. ಅವನು ಕುದುರೆಯಿಂದ ಬಿದ್ದು ಸತ್ತ. ಉಳಿದವಳು ನಾರ್ವೆಯಲ್ಲಿದ್ದ ಮಗಳ ಮಗಳು, ಪುಟ್ಟ ಹುಡುಗಿ. ಪಟ್ಟಕ್ಕೆಂದು ಹಡಗಿನಲ್ಲಿ ಹೊರಟವಳು ದಾರಿಯಲ್ಲೇ ತೀರಿಕೊಂಡಳು. ಆಗ ಹದಿಮೂರು ಜನ ನನಗೆ ಪಟ್ಟ ಬೇಕು ಎಂದು ಬಂದರಂತೆ. ಅವರಲ್ಲಿ ಕೆಲವರು ರಾಜರಿಗೆ ಮದುವೆಯಾಚೆ ಹುಟ್ಟಿದವರ ಕುಲ. ಅವರ ಅರ್ಜಿಗಳನ್ನು ತೆಗೆದುಹಾಕಿದರು ಎಂದು ಸೂಪರ್‌ವೈಸರ್ ಹೇಳಿದಾಗ ಇವರು ಆಕೆಯ ಹಾಳೆಯ ಕಡೆ ಬಾಗಿ ನೋಡಿದರು. ಆ ಹೆಸರುಗಳೂ ಅಲ್ಲಿದ್ದವು, ಚುಕ್ಕಿ ಚುಕ್ಕಿ ಗೆರೆಯಲ್ಲಿ. "ಪಟ್ಟ ಕೊಡಲಿಲ್ಲ ಖರೆ, ಹೆಸರು ಅಳಿಸಲಿಲ್ಲಲ್ಲ. ಹಕ್ಕು ಬ್ಯಾರೆ, ಹೆಸರು ಬ್ಯಾರೆ, ಗೌಡ್ರ" ಅಂದರು.

ಅದನ್ನು ಅವರು ನನಗೆಂದೇ ಹೇಳಿದರೋ ಏನೋ, ಆಗ ನನಗೆ ತಿಳಿಯಲಿಲ್ಲ. ಮರುದಿನ ನಾನೇ ಚೇಷ್ಟೆಗೆ ಕೇಳಿದೆ. "ಸ್ಕಾಟ್ಲೆಂಡಿನ ರಾಜರದು ಹೇಳ್ತೀರಿ, ನಮ್ಮಂಥ ಬಡ ಗೌಡರದು ಯಾರು ಹೇಳಬೇಕು?"

ಅವರು ನನ್ನ ಮುಖ ನೋಡಿದರು. "ನೀವ ಕೇಳಿದ್ರಿ" ಅಂದರು. ಬಲಗೈ ಮುಂದೆ ಬಂತು.

ಅವರ ತಂದೆಗೆ ನಮ್ಮ ಮನೆ ಒಕ್ಕಲಾಗಿತ್ತು. ನಾಲ್ಕು ತಲೆ ಹಿಂದಿನಿಂದ ಇಳಿಯುತ್ತ ನಮ್ಮಜ್ಜನ ಹೆಸರಿಗೆ ಬಂದರು. ಅಜ್ಜನ ಮಡದಿಯ ಹೆಸರು ಹೇಳಿ, "ಹೊಟ್ಟಿಲೆ ಮಕ್ಕಳಿಲ್ಲ" ಅಂದರು. ಆಮೇಲೆ ಇನ್ನೊಂದು ಹೆಸರು ಹೇಳಿದರು. "ಆಕೀ ಹೊಟ್ಟಿಲೆ ಹುಟ್ಟಿದಾವ ನಿಮ್ಮಪ್ಪ."

ಆ ಹೆಸರಿನಾಕೆ ನಮ್ಮ ದನದ ಕೊಟ್ಟಿಗೆಯಲ್ಲಿ ಸಗಣಿ ಬಳಿಯುತ್ತಿದ್ದಳು. ಅಜ್ಜ ಆಕೆಗೆ ತಾಳಿ ಕಟ್ಟಿರಲಿಲ್ಲ. ಆಕೆ ಹೆತ್ತ ಗಂಡುಮಗುವನ್ನು ಅಜ್ಜನ ಮಡದಿ ಉಡಿಯಲ್ಲಿ ಹಾಕಿಕೊಂಡು ತನ್ನದೆಂದಳು, ಗೌಡಕಿ ಉಳಿಯಿತು. ಹೆತ್ತವಳು ಕೊಟ್ಟಿಗೆಯಲ್ಲೇ ಉಳಿದಳು. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಆಡುತ್ತಿರಲಿಲ್ಲ. ನಾನು ಆಕೆಯನ್ನು "ಏ" ಎಂದು ಕರೆದು ಬೆಳೆದೆ. ಸಾಯುವ ದಿನ ಆಕೆ ನನ್ನನ್ನು ಕರೆದಳು. ಗೆಳೆಯರು ಅಂಗಳದಲ್ಲಿದ್ದರು, ನಾನು ಕೊಟ್ಟಿಗೆಯೊಳಗೆ ಹೋಗಲಿಲ್ಲ. ಆ ವರ್ಷ ಹೆಳವ ಬಂದು ಸತ್ತವರ ಹೆಸರಲ್ಲಿ ಆಕೆಯದನ್ನೂ ಹೇಳಿದಾಗ ನಮ್ಮಪ್ಪ ಅವನನ್ನು ಹೊಸ್ತಿಲಿಂದ ಅಟ್ಟಿಬಿಟ್ಟ. ಅಟ್ಟಿಸಿಕೊಂಡವರು ಇವರ ತಂದೆ.

ನಾನು ಗಾಡಿಯ ಹಿಡಿಕೆ ಹಿಡಿದುಕೊಂಡು, "ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ, ಕೈ ಮುಗೀತೀನಿ" ಅಂದೆ.

"ಕೇಳದ ಮನ್ಯಾಗ ಹೆಳವ ಬಾಯಿ ತಗಿಯೂದಿಲ್ರಿ" ಅಂದರು. "ಕೇಳಿದರ ಮಾತ್ರ ಬಿಟ್ಟು ಹೇಳಾಕ ಬರೂದಿಲ್ಲ" ಎಂದು ಸೇರಿಸಿದರು.

ಆ ಎರಡನೆಯ ಮಾತು ನನ್ನ ನಿದ್ದೆ ಕೆಡಿಸಿತು. ಯಾಕೆಂದರೆ ಅದೇ ಹೊತ್ತಿಗೆ ನನ್ನ ಮಗಳ ಮದುವೆಯ ಮಾತುಕತೆ ನಡೆದಿತ್ತು. ಅವಳು ಲೆಮಿಂಗ್ಟನ್ ಸ್ಪಾದಲ್ಲಿ ಇಂಜಿನಿಯರ್. ಹುಡುಗ ಡಾಕ್ಟರು, ಶೆಫೀಲ್ಡಿನ ಬ್ರೂಮ್‌ಹಿಲ್‌ನಲ್ಲಿದ್ದ. ಹುಡುಗ ಹುಡುಗಿ ಒಪ್ಪಿಕೊಂಡಿದ್ದರು. ಆದರೆ ಹುಡುಗನ ತಾಯಿ ಜಮಖಂಡಿ ಕಡೆಯ ದೊಡ್ಡ ಮನೆಯಾಕೆ. ಮನೆತನ, ಕುಲದ ಬೆಡಗು ಎಲ್ಲ ಕೇಳುವಾಕೆ. ಆಕೆ ಒಮ್ಮೆ ಬೇಡ ಎಂದರೆ ಮುಗಿಯಿತು ಎಂದು ನಾನು ನಂಬಿದ್ದೆ.

ತೊಂಬತ್ತೊಂಬತ್ತರ ಒಂದು ಭಾನುವಾರ ಮಧ್ಯಾಹ್ನ ಹುಡುಗನ ಕಡೆಯವರೆಲ್ಲ ನಮ್ಮ ಮನೆಗೆ ಬಂದರು. ನಾನು ಬೇಡವೆಂದರೂ ನನ್ನ ಹೆಂಡತಿ ಗುಮಾಸ್ತರನ್ನೂ ಕರೆದಿದ್ದಳು. ಅವರನ್ನು ಆಕೆ ಅಣ್ಣಾರು ಎನ್ನುತ್ತಿದ್ದಳು. ಮಗಳಿಗೂ ಅವರ ಮೇಲೆ ಪ್ರೀತಿ. ಇಂಡಲ್ಫಪ್ಪ, ಮಾಲ್ಕಮಪ್ಪ ಎಂದು ಅವರ ಹಾಗೆ ರಾಗ ತೆಗೆದು ನಗಿಸುತ್ತಿದ್ದಳು. ಅವರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಚಹಾ ಹಿಡಿದು ಕೂತಿದ್ದರು.

ಹುಡುಗನ ತಾಯಿ ಕರದಂಟು ಬಾಯಿಗೆ ಹಾಕಿಕೊಂಡು, "ಏನ್ ದೇಶರೀ ಇದು! ಮನಿ ಬಾಡಿಗಿ ಕೊಡಾಕೂ ನಮ್ಮ ಹಿಂದ ಮುಂದ ಚೆಕ್ ಮಾಡ್ತಾರ. ಬೀಗರ ಹಿಂದ ಮುಂದ ನೋಡೂಣು ಅಂದರ ಒಬ್ಬ ಹೆಳವ ಸಿಗೂದಿಲ್ಲ!" ಅಂದಳು. ಎಲ್ಲರೂ ನಕ್ಕರು.

ನನ್ನ ಹೆಂಡತಿಗೆ ನಮ್ಮ ಮನೆಯ ಗುಟ್ಟು ಗೊತ್ತಿರಲಿಲ್ಲ. ಹೆಮ್ಮೆಯಿಂದ, "ಯಾಕ ಸಿಗೂದಿಲ್ರಿ ಅಕ್ಕಾರ? ನಮ್ಮ ಅಣ್ಣಾರು ಅದಾರಲ್ಲ! ರಾಜರ ವಂಶಾನ ಹೇಳ್ತಾರ, ನಮ್ಮದೇನು ಮಹಾ?" ಅಂದಳು.

"ಹೌದೇನ್ರಿ? ಹಂಗಾರ ಹೇಳ್ರೆಪಾ, ಕೇಳೂಣು" ಎಂದು ಆಕೆ ಅವರ ಕಡೆ ತಿರುಗಿ ಕೂತಳು.

ಅವರು ಕಪ್ಪನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. ನನ್ನ ಕಡೆ ನೋಡಿದರು. ಹೆಬ್ಬೆರಳು ತೋರುಬೆರಳಿನ ಮೊದಲ ಗೆಣ್ಣಿಗೆ ಹೋಯಿತು.

ನಾನು ಎದ್ದು ನಿಂತುಬಿಟ್ಟೆ. "ಅವರನ್ನೇನು ಕೇಳ್ತೀರಿ ಅಕ್ಕಾರ, ಅವರಿಗೆ ಈಗ ನೆಪ್ಪು ಖಾತ್ರಿ ಇಲ್ಲ. ಮೊನ್ನೆ ಆಸ್ಪತ್ರ್ಯಾಗ ಇವನ ಫೈಲು ಅವಗ, ಅವನ ಫೈಲು ಇವಗ ಕೊಟ್ಟು ದೊಡ್ಡ ರಾಮಾಯಣ ಆಗೇತಿ. ಕೇಳಿದರ ಸ್ಕಾಟ್ಲೆಂಡಿನ ರಾಜನ್ನ ತಂದು ನಮ್ಮಜ್ಜನ ಪಕ್ಕಕ್ಕ ಕುಂದರಸ್ಯಾರು!"

ಮನೆಯೆಲ್ಲ ಗೊಳ್ಳೆಂದು ನಕ್ಕಿತು. ಹುಡುಗ ಮಾತ್ರ ನಗಲಿಲ್ಲ. ಡಾಕ್ಟರನಲ್ಲವೆ, ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಮೆಲ್ಲಗೆ ಕೇಳಿದ, "ಅಂಕಲ್, ಎಷ್ಟು ದಿನದಿಂದ ಹಿಂಗಾಗ್ತಿದೆ?"

ನಾನು ಹೇಳಿದ್ದು ಹಸಿ ಸುಳ್ಳು. ಆ ರೂಮಿನಲ್ಲಿ ಅವರ ಕೈಯಿಂದ ಒಂದು ಫೈಲೂ ತಪ್ಪಿದ್ದಿಲ್ಲ. ಅವರು ನಿಂತ ಕಾಲಲ್ಲಿ ಅದನ್ನು ತೋರಿಸಿಕೊಡಬಹುದಿತ್ತು; ನಾಲ್ಕು ಹೆಸರು ಹೇಳಿದ್ದರೆ ಸಾಕಿತ್ತು. ಅವರು ಕೈ ಮುಚ್ಚಿಕೊಂಡರು. "ಹೌದ್ರಿ ಡಾಕ್ಟರ್ ಸಾಹೇಬ್ರ, ಮರವು ಬಂದೈತಿ" ಅಂದರು. ಕೇಳಿದರೆ ಬಿಟ್ಟು ಹೇಳಲು ಬರದ ಮನುಷ್ಯ, ನನ್ನ ಮಗಳಿಗಾಗಿ, ಎಲ್ಲವನ್ನೂ ಬಿಟ್ಟರು. ಕಪ್ಪು ಎತ್ತಿಕೊಂಡು ಉಳಿದ ಚಹಾ ಕುಡಿದರು. ನಿಶ್ಚಯವಾಯಿತು.

ನನ್ನ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಹುಡುಗ ಒಳ್ಳೆಯವನು, ಅದೇ ತೊಂದರೆಯಾಯಿತು. ಗುಮಾಸ್ತರ ಮಗನೂ ಲೀಡ್ಸ್‌ನಲ್ಲಿ ಡಾಕ್ಟರು, ಇಬ್ಬರಿಗೂ ಪರಿಚಯವಿತ್ತು. ತಂದೆಯವರಿಗೆ ಮರೆವು ಶುರುವಾಗಿದೆ, ನೋಡಿಕೊಳ್ಳಿ ಎಂದು ಇವನು ಫೋನು ಮಾಡಿದ. ಮಗ ಗಾಬರಿಯಾಗಿ ಓಡಿ ಬಂದ. ತಪಾಸಣೆಗೆ ಕರೆದೊಯ್ದರೆ ಕೇಳಿದ್ದಕ್ಕೆಲ್ಲ ಸರಿಯಾಗಿ ಹೇಳಿ ಸುಳ್ಳು ಬಯಲು ಮಾಡುವ ಬದಲು, ಮಾತು ಹುಡುಗನ ಮನೆಗೆ ಮುಟ್ಟೀತೆಂದೋ ಏನೋ, ಇವರು ಅಲ್ಲೂ ತಡವರಿಸಿದರಂತೆ. ರೆಕಾರ್ಡ್ ರೂಮಿನಲ್ಲಿ ಸೂಪರ್‌ವೈಸರ್ ಹಾಳೆ ಹರಡಿ ಕರೆದರೆ, "ಮರೆತುಹೋಯಿತು" ಎಂದು ಕೈ ಆಡಿಸಿ ರ‍್ಯಾಕಿನ ಹಿಂದೆ ಹೋಗುತ್ತಿದ್ದರು. ಆಕೆ ನನ್ನನ್ನು ಕೇಳಿದಳು, ಏನಾಯಿತು ಇವನಿಗೆ ಎಂದು. ನನಗೇನು ಗೊತ್ತು ಅಂದೆ. ಬೇಸಿಗೆಗೆ ಮೊದಲೇ ಮಗ ಅವರನ್ನು ಕೆಲಸ ಬಿಡಿಸಿ ಲೀಡ್ಸ್‌ಗೆ ಕರೆದುಕೊಂಡು ಹೋದ. ಹೋಗುವ ದಿನ ರ‍್ಯಾಕುಗಳ ನಡುವೆ ಒಂದು ಸುತ್ತು ನಡೆದು ಬಂದರು. ನನಗೆ ಕೈ ಮುಗಿದು, "ಮದುವಿ ಛಲೋ ಮಾಡ್ರಿ ಗೌಡ್ರ" ಅಂದರು.

ಲೀಡ್ಸ್‌ಗೆ ಅವರು ಬದುಕಿದ್ದಾಗ ನಾನು ಹೋದದ್ದು ಒಂದೇ ಸಲ, ಎರಡು ಸಾವಿರದ ಮೂರರಲ್ಲಿ. ಅವರ ಸೊಸೆ ಅಡಿಗೆಮನೆಯ ಕಪಾಟುಗಳಿಗೆ ಚೀಟಿ ಅಂಟಿಸಿದ್ದಳು: ಚಹಾ, ಸಕ್ಕರೆ, ಕಪ್ಪು. ಪಾಪ, ಅವಳ ತಪ್ಪಿಲ್ಲ. ಹೊರಬಾಗಿಲಿಗೆ ಒಳಗಿಂದ ಬೀಗ, ಮಾವ ಎಲ್ಲಾದರೂ ದಾರಿ ತಪ್ಪಿಯಾರೆಂದು. ಅವರು ಚೀಟಿಗಳನ್ನು ನನಗೆ ತೋರಿಸಿ, "ನೋಡ್ರಿ, ಇಲ್ಲಿ ಸಾಮಾನಿಗೂ ಹೆಸರಿಟ್ಟಾರ" ಎಂದು ನಕ್ಕರು. ಸೊಸೆ ಆಚೆ ಹೋದಾಗ ಇಬ್ಬರೇ ಉಳಿದೆವು. ನಾನು ಬಂದದ್ದೇ ಅದಕ್ಕೆ. ತಪ್ಪಾಯಿತು ಎನ್ನುವ ಬದಲು ನನ್ನ ಬಾಯಿಗೆ ಬಂದದ್ದು ಬೇರೆ.

"ನೆಪ್ಪೈತೇನ್ರಿ?" ಅಂದೆ.

"ಯಾರದು?"

"ನಮ್ಮನಿದು."

ಅವರು ನನ್ನ ಕಡೆ ತಿರುಗಿದರು. ಕಣ್ಣು ಎಂದಿನಂತೆ ಸ್ವಚ್ಛವಾಗಿತ್ತು. "ಕೇಳಾಕತ್ತೀರೇನು, ಗೌಡ್ರ?"

ಹೌದು ಎಂದಿದ್ದರೆ ಅವರು ಹೇಳುತ್ತಿದ್ದರು. ನಾಲ್ಕು ವರ್ಷ ಮುಚ್ಚಿದ ಬಾಯಿ ತೆರೆಯುತ್ತಿದ್ದರು. ಮಗ, ಸೊಸೆ ಕೇಳಿಸಿಕೊಳ್ಳುತ್ತಿದ್ದರು, ಬೀಗ ತೆಗೆಯುತ್ತಿದ್ದರು. ಅಡಿಗೆಮನೆಯಿಂದ ಸೊಸೆಯ ಹೆಜ್ಜೆ ಸಪ್ಪಳ ಕೇಳಿತು. ನನ್ನ ಬೀಗತಿಯ ಮುಖ ಕಣ್ಣ ಮುಂದೆ ಬಂತು.

"ಇಲ್ರಿ, ಸುಮ್ನ ಅಂದೆ" ಅಂದೆ.

"ಹಂಗಾರ ಬಿಡ್ರಿ" ಅಂದರು. ಚಹಾ ಬಂತು. ಕುಡಿದು ಎದ್ದೆ. ನಾಲ್ಕು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು.

ಮಣ್ಣಿಗೆ ಸೂಪರ್‌ವೈಸರ್ ಕೂಡ ರೈಲಿನಲ್ಲಿ ಬಂದಿದ್ದಳು, ಕೋಲು ಊರಿಕೊಂಡು. ಕುಣಿಯ ಹತ್ತಿರ ನನ್ನ ತೋಳು ಹಿಡಿದು, "ಇವನು ಯಾರ ಮಗ, ಯಾರ ಮೊಮ್ಮಗ ಎಂದು ಯಾರಾದರೂ ಹೇಳಬೇಡವೆ? ನೀನು ಅವನ ಭಾಷೆಯವನು, ಹೇಳು" ಅಂದಳು. ನಾನು ಮಗನ ಕಡೆ ನೋಡಿದೆ. ಮಗ ಅಜ್ಜನ ಹೆಸರು ಹೇಳಿದ. ಅದರ ಹಿಂದಿನದು ಗೊತ್ತಿರಲಿಲ್ಲ. "ಅಪ್ಪನಿಗೆ ಗೊತ್ತಿತ್ತು. ಆಮೇಲೆ ಅವರಿಗೂ ಮರೆತುಹೋಯಿತಲ್ಲ" ಅಂದ. ನನ್ನ ಮನೆಯ ನಾಲ್ಕು ತಲೆ ಅವರ ಬಾಯಲ್ಲಿತ್ತು. ಅವರ ಮನೆಯ ಒಂದು ತಲೆಯನ್ನೂ ನಾನು ಯಾವತ್ತೂ ವಿಚಾರಿಸಿರಲಿಲ್ಲ. ಮಣ್ಣು ಎಳೆದರು.

ವಾಪಸು ಬರುವಾಗ ಕಾರು ನಡೆಸುತ್ತಿದ್ದವಳು ಮಗಳು. ಮೋಟಾರ್‌ವೇ ಮೇಲೆ, ಅವಳ ಮುಖ ನೋಡದೆ, ಎಲ್ಲವನ್ನೂ ಹೇಳಿದೆ. ಅವಳು ಇಂಡಿಕೇಟರ್ ಹಾಕಿ ದಾರಿಬದಿಯ ಸರ್ವಿಸಸ್‌ಗೆ ತಿರುಗಿಸಿ, ಕಾರು ನಿಲ್ಲಿಸಿದಳು.

"ದಟ್ಸ್ ಇಟ್? ಇಷ್ಟಕ್ಕಾ, ಅಪ್ಪಾ?"

"ನಿಮ್ಮ ಅತ್ತಿ ಬ್ಯಾಡ ಅಂದಿದ್ದರ?"

"ಏನ್ ಮಾಡ್ತಿದ್ರು? ಒಂದು ವಾರ ಮುಖ ಊದಿಸ್ಕೋತಿದ್ರು. ನಾವು ಮದುವೆ ಆಗೇ ಆಗ್ತಿದ್ವಿ." ಸ್ಟೀರಿಂಗ್ ಮೇಲೆ ಹಣೆ ಇಟ್ಟು ಅತ್ತಳು. "ಎಂಟು ವರ್ಷ ಅಪ್ಪಾ. ಎಯ್ಟ್ ಇಯರ್ಸ್ ಹಿ ಪ್ರಿಟೆಂಡೆಡ್. ಸಾರಿ ಅಂದ್ಯಾ ಅವರಿಗೆ?"

"ಇಲ್ಲ."

ಮುಖ ಒರೆಸಿಕೊಂಡು ಕೇಳಿದಳು, "ನಿನ್ನ ಅಜ್ಜಿ ಹೆಸರೇನು? ರಿಯಲ್ ಅಜ್ಜಿದು."

ಎಪ್ಪತ್ತು ದಾಟಿದರೂ ಆ ಹೆಸರನ್ನು ನನ್ನ ಬಾಯಿಂದ ನಾನು ಒಮ್ಮೆಯೂ ಆಡಿರಲಿಲ್ಲ. ಅವರ ಕ್ಷಮೆಯನ್ನು ನಾನು ಕೇಳಲಿಲ್ಲ, ಇನ್ನು ಕೇಳುವಂತಿಲ್ಲ. ಅವರಿಗಿಂತ ಮೊದಲು ಇನ್ನೊಬ್ಬಳ ಕ್ಷಮೆ ಕೇಳಬೇಕಿತ್ತು. ಕೇಳಿದ್ದರೆ ಅವರ ಬಾಯಿ ಮುಚ್ಚಿಸುವ ಪ್ರಸಂಗವೇ ಬರುತ್ತಿರಲಿಲ್ಲ. ನನ್ನಪ್ಪನನ್ನು ಹೆತ್ತವಳು, ಕೊಟ್ಟಿಗೆಯಿಂದ ನನ್ನನ್ನು ಕರೆದವಳು, ತಂಗೆವ್ವ.